ನಾಯಿಮರಿಗಳ ಮೊದಲ ಐವತ್ತಾರು ದಿನಗಳು

ಊರಿನಲ್ಲಿ ನಾಯಿ ಮರಿ ಹಾಕುವುದು ಸುದ್ದಿಯೇ ಅಲ್ಲ. ಹುಲ್ಲಿನ ಬಣವೆಯ ಬುಡದಲ್ಲೋ ಕೊಟ್ಟಿಗೆಯ ಹಿಂದಿನ ಮೂಲೆಯಲ್ಲೋ ತಾಯಿನಾಯಿ ತಾನೇ ತಗ್ಗು ತೋಡಿಕೊಂಡು ಈಯುತ್ತದೆ. ಹದಿನೈದು ದಿನಗಳಾದ ಮೇಲೆ ಹುಡುಗರು ಮರಿಗಳನ್ನು ಎತ್ತಿಕೊಂಡು ಬಂದಾಗಲೇ ಮನೆಯವರಿಗೆ ತಿಳಿಯುವುದು. ಆರು ಹುಟ್ಟಿ ಎರಡು ಉಳಿದರೆ, ಉಳಿದದ್ದೇ ಪುಣ್ಯವೆಂದು ಸುಮ್ಮನಾಗುವುದು ವಾಡಿಕೆ. ಮುಂಬಯಿಯಂತಹ ಮಹಾನಗರದಲ್ಲಿ ನೆಲೆಸಿದ ನಮಗೆ ಆ ನಿಶ್ಚಿಂತೆಯಿಲ್ಲ. ನಾಲ್ಕನೆಯ ಅಂತಸ್ತಿನ ಮನೆ, ತಣ್ಣನೆಯ ನುಣುಪು ನೆಲ, ತಲೆಯ ಮೇಲೆ ತಿರುಗುವ ಫ್ಯಾನು, ನೆರೆಮನೆಯವರ ದೂರು, ಮನೆಯಲ್ಲಿ ಚಿಕ್ಕ ಮಕ್ಕಳು, ಇವೆಲ್ಲದರ ನಡುವೆ ಐದಾರು ಜೀವಗಳನ್ನು ಎಂಟು ವಾರಗಳ ಕಾಲ ಕಾಪಾಡಿ, ಬೇರೆ ಮನೆಗಳಿಗೆ ಆರೋಗ್ಯವಾಗಿ ಕಳುಹಿಸಬೇಕಾಗಿದೆ.

ನಾನು ಪಶುವೈದ್ಯನಲ್ಲ, ಬ್ಯಾಂಕಿನಲ್ಲಿ ಲೆಕ್ಕ ನೋಡುವವನು. ನಮ್ಮ ಮನೆಯಲ್ಲಿ ಮೂರು ಸೂಲಿನ ಮರಿಗಳು ಬೆಳೆದು ಹೋಗಿವೆ. ಆ ಅನುಭವದಲ್ಲಿ ಕಂಡದ್ದನ್ನೂ ವೈದ್ಯರಿಂದ ಕೇಳಿ ಅರಿತದ್ದನ್ನೂ ಸಂಘದ ಬಂಧುಗಳ ಉಪಯೋಗಕ್ಕಾಗಿ ಇಲ್ಲಿ ಬರೆದಿದ್ದೇನೆ.

ನಾಯಿಯ ಗರ್ಭಾವಧಿ ಸುಮಾರು 63 ದಿನಗಳು. ದಿನ ಸಮೀಪಿಸಿದಾಗ ಬೆಳಿಗ್ಗೆ ಸಂಜೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಶಾಖ ನೋಡುವುದು ಉತ್ತಮ. ಸಾಮಾನ್ಯವಾಗಿ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಇರುವ ಮೈಶಾಖ 99ಕ್ಕಿಂತ ಕೆಳಗಿಳಿದರೆ, ಬಹುಮಟ್ಟಿಗೆ ಒಂದು ಹಗಲು ರಾತ್ರಿಯೊಳಗೆ ಹೆರಿಗೆಯಾಗುತ್ತದೆ. ತಾಯಿ ಬಲವಾಗಿ ಮುಕ್ಕುತ್ತಿದ್ದು ಅರ್ಧ ಗಂಟೆಯಾದರೂ ಮರಿ ಬಾರದಿದ್ದರೆ, ಒಂದು ಮರಿಗೂ ಮುಂದಿನದಕ್ಕೂ ನಡುವೆ ಎರಡು ಗಂಟೆ ಮೀರಿದರೆ, ಮೊದಲ ಮರಿಗೆ ಮುನ್ನವೇ ಹಸಿರು ಸ್ರಾವ ಕಂಡರೆ ಮನೆಮದ್ದಿಗೆ ಕೈಹಾಕದೆ ವೈದ್ಯರ ಬಳಿಗೆ ಧಾವಿಸತಕ್ಕದ್ದು. ಮುಂಬಯಿಯವರಿಗೆ ಪರೇಲಿನ ಬಾಯಿ ಸಕರಬಾಯಿ ದಿನ್ಷಾ ಪೆಟಿಟ್ ಪ್ರಾಣಿ ಆಸ್ಪತ್ರೆ ಪರಿಚಿತವೇ ಆಗಿದೆ. ಉಳಿದ ನಗರದವರು ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಲೇಸು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಮರಿ ಕುಂಯ್‌ಗುಟ್ಟಿದರೆ ನಮ್ಮ ಹೆಂಗಸರು ಮೊದಲು ಮಾಡುವುದು ಹಾಲು ಕಾಯಿಸುವುದು. ಆದರೆ ಹೊಸದಾಗಿ ಹುಟ್ಟಿದ ಮರಿಗೆ ಹಾಲಿಗಿಂತ ಮೊದಲು ಬೇಕಾದದ್ದು ಕಾವು. ಹುಟ್ಟಿದ ಮರಿಗೆ ಕಣ್ಣಿಲ್ಲ, ಕಿವಿಯಿಲ್ಲ. ಅಷ್ಟೇ ಅಲ್ಲ, ಮೊದಲ ವಾರ ಅದಕ್ಕೆ ಚಳಿಗೆ ನಡುಗುವ ಶಕ್ತಿಯೂ ಇಲ್ಲ. ನಡುಕವೆಂಬುದು ದೇಹ ತನ್ನ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳುವ ಉಪಾಯ. ಅದಿಲ್ಲದ ಮರಿ ತಾಯಿಯ ಹೊಟ್ಟೆಯನ್ನೂ ಒಡಹುಟ್ಟಿದವರ ಮೈಯನ್ನೂ ನಂಬಿ ಬದುಕುತ್ತದೆ. ಮೈ ತಣ್ಣಗಾದ ಮರಿಯ ಕರುಳು ಕೆಲಸ ನಿಲ್ಲಿಸುತ್ತದೆ. ಆಗ ಬಾಯಿಗೆ ಹಾಕಿದ ಹಾಲು ಜೀರ್ಣವಾಗದೆ ಒಳಗೇ ಕೆಡುತ್ತದೆ, ಇಲ್ಲವೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಲು ಕುಡಿಸಿದರೂ ಮರಿ ಸತ್ತಿತೆಂದು ಮರುಗುವ ಮನೆಗಳಲ್ಲಿ ಎಷ್ಟೋ ಸಲ ನಡೆದಿರುವುದು ಇದೇ. ಮರಿಯ ಬಾಯೊಳಗೆ ಕಿರುಬೆರಳಿಟ್ಟು ನೋಡಿ. ತಣ್ಣಗಿದ್ದರೆ ಅದನ್ನು ಬಟ್ಟೆಯಲ್ಲಿ ಸುತ್ತಿ ನಿಮ್ಮ ಎದೆಗವಚಿಕೊಂಡು ಒಂದೆರಡು ಗಂಟೆಗಳ ಕಾಲ ನಿಧಾನವಾಗಿ ಬೆಚ್ಚಗೆ ಮಾಡಿ, ಬಳಿಕವೇ ಮೊಲೆಗೆ ಹಚ್ಚಿ. ಬೆಂಕಿಯ ಮುಂದೆ ಹಿಡಿದು ಥಟ್ಟನೆ ಕಾಯಿಸುವುದೂ ಅಪಾಯವೇ.

ಮರಿಗಳಿರುವ ಪೆಟ್ಟಿಗೆಯೊಳಗೆ ಮೊದಲ ವಾರ 29ರಿಂದ 32 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು; ನಾಲ್ಕನೆಯ ವಾರದ ಹೊತ್ತಿಗೆ ಕ್ರಮವಾಗಿ 24ರ ಆಸುಪಾಸಿಗೆ ಇಳಿಸಬಹುದು. ಮುಂಬಯಿಯಲ್ಲಿ ಚಳಿಯೆಲ್ಲಿದೆ ಎಂದು ಕೇಳುವವರು ಡಿಸೆಂಬರಿನ ರಾತ್ರಿ ಬರಿಯ ನೆಲದ ಮೇಲೆ ಅಂಗೈಯಿಟ್ಟು ನೋಡಲಿ. ದೆಹಲಿ, ಪುಣೆಗಳಲ್ಲಿರುವವರಿಗೆ ಹೇಳಬೇಕಾದದ್ದೇ ಇಲ್ಲ. ತಾಯಿ ಕಾಲು ಚಾಚಿ ಮಲಗುವಷ್ಟು ಅಗಲವಾದ ಮರದ ಅಥವಾ ಗಟ್ಟಿ ರಟ್ಟಿನ ಪೆಟ್ಟಿಗೆ ಸಾಕು. ತಳದಲ್ಲಿ ಹಳೆಯ ಪತ್ರಿಕೆಗಳು, ಅವುಗಳ ಮೇಲೆ ಒರಟು ಬಟ್ಟೆ. ಬರಿಯ ಕಾಗದದ ಮೇಲೆ ಮರಿಗಳ ಕಾಲು ಜಾರಿ ಬಲ ಕುಂದುತ್ತದೆ. ಒಳಸುತ್ತಿಗೆ ನಾಲ್ಕಂಗುಲ ಎತ್ತರದಲ್ಲಿ ಒಂದು ಅಡ್ಡಪಟ್ಟಿ ಹೊಡೆದರೆ ತಾಯಿ ಗೋಡೆಗೊರಗಿದಾಗ ಮರಿ ನಜ್ಜುಗುಜ್ಜಾಗದು. ಬಟ್ಟೆ ಸುತ್ತಿದ ಬಿಸಿನೀರಿನ ಚೀಲವನ್ನೋ ಮೇಲಿನಿಂದ ತೂಗುಬಿಟ್ಟ ಬಲ್ಬನ್ನೋ ಒಂದೇ ಮೂಲೆಯಲ್ಲಿಡಬೇಕು. ಸೆಕೆಯಾದರೆ ಮರಿ ಆಚೆ ತೆವಳಲು ಜಾಗ ಬೇಕಲ್ಲವೇ? ಮರಿಗಳು ಒಂದರ ಮೇಲೊಂದು ರಾಶಿಬಿದ್ದು ಅಳುತ್ತಿದ್ದರೆ ಚಳಿ. ದೂರ ದೂರ ಚದುರಿ ಏದುತ್ತಿದ್ದರೆ ಸೆಕೆ. ಒಂದರ ಮಗ್ಗುಲಲ್ಲೊಂದು ಸದ್ದಿಲ್ಲದೆ ಮಲಗಿದ್ದರೆ ಸರಿ.

ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿಯೇ ಪ್ರತಿ ಮರಿಯೂ ತಾಯಿಯ ಗಿಣ್ಣುಹಾಲನ್ನು ಕುಡಿಯಬೇಕು. ರೋಗನಿರೋಧಕ ಶಕ್ತಿಯ ಬಹುಪಾಲು ಮರಿಗೆ ಬರುವುದು ಆ ಹಾಲಿನಿಂದ. ಇಪ್ಪತ್ತನಾಲ್ಕು ಗಂಟೆ ಕಳೆದರೆ ಕರುಳು ಅದನ್ನು ಹೀರಿಕೊಳ್ಳಲಾರದು.

ಎರಡನೆಯ ಸಾಧನ ತಕ್ಕಡಿ. ಅಡುಗೆಮನೆಯ ಗ್ರಾಂ ತೋರಿಸುವ ತಕ್ಕಡಿಯೊಂದು, ಗೆರೆಯೆಳೆದ ಒಂದು ನೋಟುಪುಸ್ತಕ, ಗುರುತಿಗೆ ಬೇರೆ ಬೇರೆ ಬಣ್ಣದ ನೂಲು ಇಷ್ಟಿದ್ದರೆ ಸಾಕು. ದಿನವೂ ಒಂದೇ ಹೊತ್ತಿಗೆ ತೂಗಿ ಬರೆಯಬೇಕು. ಮೊದಲ ದಿನ ತೂಕ ತುಸು ಇಳಿಯಬಹುದು. ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಇಳಿಯಬಾರದು. ಎರಡನೆಯ ದಿನದಿಂದ ಏರುತ್ತಲೇ ಇರಬೇಕು; ಏಳರಿಂದ ಹತ್ತು ದಿನಗಳಲ್ಲಿ ಹುಟ್ಟಿದಾಗಿನ ತೂಕ ಇಮ್ಮಡಿಯಾಗಬೇಕು. ಕಣ್ಣಿಗೆ ಎಲ್ಲ ಮರಿಗಳೂ ಒಂದೇ ತರಹ ಕಾಣುತ್ತವೆ. ಅಂಕಿಗಳಿಗೆ ಆ ದಾಕ್ಷಿಣ್ಯವಿಲ್ಲ. ನಮ್ಮ ಎರಡನೆಯ ಸೂಲಿನ ಪುಸ್ತಕದಲ್ಲಿ ಕೆಂಪು ನೂಲಿನ ಮರಿಯ ಖಾತೆ ಹೀಗಿದೆ: ಹುಟ್ಟಿದಾಗ 280 ಗ್ರಾಂ, ಎರಡನೆಯ ದಿನ 262, ಮೂರನೆಯ ದಿನ 250. ಉಳಿದ ಐದರದ್ದೂ ಏರುತ್ತಿತ್ತು. ನೋಡಲು ಅದು ಶಾಂತವಾಗಿ ಮಲಗಿತ್ತು, ಅಳುತ್ತಲೂ ಇರಲಿಲ್ಲ. ಪುಸ್ತಕವಿರದಿದ್ದರೆ ಅದನ್ನು 'ಒಳ್ಳೆಯ ಸಾಧು ಮರಿ' ಎಂದೇ ಹೊಗಳುತ್ತಿದ್ದೆವು. ಕಾದು ನೋಡಿದಾಗ, ಹಾಲು ಹೆಚ್ಚಿರುವ ಹಿಂದಿನ ಮೊಲೆಗಳಿಂದ ದೊಡ್ಡ ಮರಿಗಳು ಅದನ್ನು ತಳ್ಳುತ್ತಿದ್ದುದು ತಿಳಿಯಿತು. ಎರಡು ಗಂಟೆಗೊಮ್ಮೆ ಉಳಿದವನ್ನು ಬುಟ್ಟಿಗೆ ಹಾಕಿ ಅದನ್ನು ಒಂದನ್ನೇ ಹಿಂದಿನ ಮೊಲೆಗೆ ಹಚ್ಚತೊಡಗಿದೆವು. ನನ್ನ ಪತ್ನಿ ಹಗಲಿನ ಪಾಳಿ, ನಾನು ರಾತ್ರಿಯ ಪಾಳಿ. ಐದನೆಯ ದಿನ 268. ಹದಿನಾಲ್ಕನೆಯ ದಿನ 560. ಅಕ್ಕಂದಿರಿಗಿಂತ ನಾಲ್ಕು ದಿನ ತಡವಾಗಿಯಾದರೂ ಇಮ್ಮಡಿಯಾಯಿತು.

ತಾಯಿಯ ಹಾಲು ಸಾಲದಾದರೆ, ಅಥವಾ ತಾಯಿಯೇ ಇಲ್ಲವಾದರೆ ಹಸುವಿನ ಹಾಲು ಸರಿಯಾದ ಬದಲಿಯಲ್ಲ. ನಾಯಿಯ ಹಾಲಿನಲ್ಲಿ ಹಸುವಿನ ಹಾಲಿನ ಸುಮಾರು ಎರಡು ಪಟ್ಟು ಸಸಾರಜನಕ ಹಾಗೂ ಕೊಬ್ಬು ಇರುತ್ತವೆ. ಸಕ್ಕರೆ ಅಂಶ ಮಾತ್ರ ಕಡಿಮೆ. ಹೀಗಿರುವಾಗ 'ಮರಿಗೆ ಜೀರ್ಣವಾಗದು' ಎಂದು ಹಸುವಿನ ಹಾಲಿಗೆ ಇನ್ನೂ ನೀರು ಬೆರೆಸುವುದು ಮರಿಯನ್ನು ಉಪವಾಸ ಕೆಡವಿದಂತೆಯೇ. ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿ ಔಷಧಿ ಅಂಗಡಿಗಳಲ್ಲಿ ದೊರೆಯುತ್ತದೆ. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ ಕುಡಿಸಬೇಕು. ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ ಒಳಲೆಯಿಂದ ಕುಡಿಸುವ ನಮ್ಮ ಅಜ್ಜಿಯರ ಕ್ರಮ ಇಲ್ಲಿ ಸಲ್ಲದು. ಮರಿ ಹೊಟ್ಟೆಯ ಮೇಲೆ ಮಲಗಿ ತಲೆಯೆತ್ತಿ ಕುಡಿಯಬೇಕು. ಕುಡಿದಾದ ಮೇಲೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಅದರ ಕೆಳಭಾಗವನ್ನು ಮೆಲ್ಲಗೆ ಒರೆಸಬೇಕು. ತಾಯಿ ನೆಕ್ಕದ ಹೊರತು ಮರಿ ಮೊದಲ ಮೂರು ವಾರಗಳಲ್ಲಿ ತಾನಾಗಿ ಮಲಮೂತ್ರ ವಿಸರ್ಜಿಸಲಾರದು.

ತಾಯಿಯನ್ನೂ ಮರೆಯುವಂತಿಲ್ಲ. ಹಾಲೂಡುವ ನಾಯಿಗೆ ಮಾಮೂಲಿಗಿಂತ ಎರಡು ಮೂರು ಪಟ್ಟು ಆಹಾರ ಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ನಾಯಿಗೆ ಮೊಸರನ್ನವೇ ಮೂರು ಹೊತ್ತಿನ ಊಟ. ಸಸ್ಯಾಹಾರಿಗಳ ಸಂಕೋಚ ನನಗೆ ತಿಳಿಯದ್ದಲ್ಲ; ಆದರೂ ಈ ಎರಡು ತಿಂಗಳಾದರೂ ಅದಕ್ಕೆ ಬೇಯಿಸಿದ ಮೊಟ್ಟೆಯನ್ನೋ ಮಾಂಸವನ್ನೋ ಸಿದ್ಧ ಆಹಾರವನ್ನೋ ಕೊಡಲೇಬೇಕು. ಸಾರಿನ ಈರುಳ್ಳಿ, ಪಾಯಸದ ದ್ರಾಕ್ಷಿ ನಾಯಿಗೆ ವಿಷ. ಗಬ್ಬದ ನಾಯಿಗೆ ಕ್ಯಾಲ್ಸಿಯಂ ಟಾನಿಕ್ಕು ಸುರಿಯುವ ಅಭ್ಯಾಸವೂ ತಪ್ಪು. ಹೊರಗಿನಿಂದ ಹೇರಳವಾಗಿ ಬಂದರೆ, ಎಲುಬಿನಿಂದ ಸುಣ್ಣದಂಶವನ್ನು ಸೆಳೆದು ರಕ್ತಕ್ಕೆ ಕೊಡುವ ಗ್ರಂಥಿ ಮಂದವಾಗುತ್ತದೆ. ಹಾಲಿಗೆ ಬೇಡಿಕೆ ಏರಿದಾಗ ಅದು ಎಚ್ಚರಗೊಳ್ಳದು. ಈದ ಮೂರು ನಾಲ್ಕು ವಾರಗಳೊಳಗೆ, ವಿಶೇಷವಾಗಿ ಸಣ್ಣ ಜಾತಿಯ ನಾಯಿ ಏದುಸಿರು ಬಿಡುತ್ತ ನಡುಗಿದರೆ, ಕಾಲು ಸೆಟೆದು ನಡೆದರೆ, ಅದು ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲ ಕ್ಯಾಲ್ಸಿಯಂ ಕೊರತೆ. ಮರಿಗಳನ್ನು ಬೇರ್ಪಡಿಸಿ, ಆ ಕ್ಷಣವೇ ವೈದ್ಯರಲ್ಲಿಗೆ ಒಯ್ಯಬೇಕು.

ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಕಣ್ಣು, ತುಸು ತಡವಾಗಿ ಕಿವಿ ತೆರೆಯುತ್ತವೆ. ಎರಡನೆಯ ವಾರಕ್ಕೆ ಜಂತುಹುಳುವಿನ ಮೊದಲ ಔಷಧಿ. ಅನಂತರ ನಾಲ್ಕು, ಆರು, ಎಂಟನೆಯ ವಾರಗಳಲ್ಲಿ, ವೈದ್ಯರು ಮರಿಯ ತೂಕಕ್ಕೆ ತಕ್ಕಂತೆ ಹೇಳಿದಷ್ಟು. ಕಣ್ಣೇ ತೆರೆಯದ ಮರಿಗೆ ಹುಳುವೆಲ್ಲಿಂದ ಬಂತು ಎನ್ನಬೇಡಿ. ದುಂಡುಹುಳುವಿನ ಮರಿಗಳು ತಾಯಿಯ ಗರ್ಭದಲ್ಲಿಯೇ, ಬಳಿಕ ಹಾಲಿನ ಮೂಲಕವೂ ದಾಟಿಬರುತ್ತವೆ. ಇದು ನಮ್ಮ ಮಕ್ಕಳ ಪ್ರಶ್ನೆಯೂ ಹೌದು. ಈ ಹುಳುವಿನ ಮೊಟ್ಟೆ ಮಗುವಿನ ಬಾಯಿಗೆ ಸೇರಿದರೆ ಮರಿಹುಳು ಯಕೃತ್ತಿಗೆ, ಅಪರೂಪಕ್ಕೆ ಕಣ್ಣಿಗೂ ಹೋಗಿ ದೃಷ್ಟಿ ಕೆಡಿಸಬಹುದು. ಅದೃಷ್ಟವಶಾತ್ ಹೊರಬಿದ್ದ ಮೊಟ್ಟೆ ಸೋಂಕುವಂತಾಗಲು ವಾರಗಳು ಬೇಕು. ಆದುದರಿಂದ ಮರಿಗಳ ಮಲವನ್ನು ಆಯಾ ದಿನವೇ ತೆಗೆದು, ಮಕ್ಕಳು ಆಡಿದ ಮೇಲೆ ಸೋಪಿನಿಂದ ಕೈ ತೊಳೆದರೆ ಭಯವಿಲ್ಲ. ಮೆಟ್ಟಿಲ ಕೆಳಗೆ ಸಿಕ್ಕಿದ ಬೀದಿಮರಿಯ ಹಲ್ಲು ತಾಗಿದರೆ ಮಾತ್ರ 'ಎಳೆಯ ಮರಿ ತಾನೆ' ಎಂದು ಬಿಡಬಾರದು. ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು ಅದೇ ದಿನ ವೈದ್ಯರನ್ನು ಕಾಣತಕ್ಕದ್ದು. ರೇಬೀಸ್ ಒಮ್ಮೆ ತೋರಿದ ಮೇಲೆ ಹೆಚ್ಚುಕಡಿಮೆ ಯಾರನ್ನೂ ಉಳಿಸಿಲ್ಲ.

ಮೂರು ವಾರಗಳ ತನಕ ಸಾಕುವವಳು ತಾಯಿ. ಅಲ್ಲಿಂದ ಮುಂದೆ ನಮ್ಮ ಪಾತ್ರ ಹಿರಿದಾಗುತ್ತದೆ. ಮೂರೂವರೆ ವಾರಕ್ಕೆ ಮೆತ್ತಗಿನ ಆಹಾರವನ್ನು ಅಗಲ ತಟ್ಟೆಯಲ್ಲಿ ತೋರಿಸಬಹುದು. ಮೊದಲ ದಿನ ಅವು ತಿನ್ನುವುದಕ್ಕಿಂತ ಅದರಲ್ಲಿ ಹೊರಳಾಡುವುದೇ ಹೆಚ್ಚು. ಅಮೆರಿಕದ ಮೇನ್ ಸಂಸ್ಥಾನದ ಬಾರ್ ಹಾರ್ಬರಿನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ನಾಯಿಗಳ ನಡತೆಯನ್ನು ದೀರ್ಘಕಾಲ ಅಭ್ಯಸಿಸಿ 1965ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮರಿ ಯಾವುದನ್ನು ಕಂಡು ಕೇಳಿ ಒಗ್ಗಿಕೊಳ್ಳುತ್ತದೋ ಅದು ಬಾಳಿನುದ್ದಕ್ಕೂ ಅದಕ್ಕೆ ಸಹಜವಾಗುತ್ತದೆ ಎಂಬುದನ್ನು ಇಂತಹ ಅಧ್ಯಯನಗಳು ತೋರಿಸಿವೆ. ಕುಕ್ಕರಿನ ಸೀಟಿ, ಮಿಕ್ಸರಿನ ಸದ್ದು, ಕೊಡೆ ಹಿಡಿದವರು, ಹೆಲ್ಮೆಟ್ ಧರಿಸಿದವರು, ಕೋಲೂರುವ ಅಜ್ಜ ಎಲ್ಲವೂ ಆಗಲೇ ಪರಿಚಯವಾಗಲಿ. ಕಚ್ಚುವ ಬಿರುಸು ಎಷ್ಟಿರಬೇಕೆಂಬ ಪಾಠ ಮಾತ್ರ ನಮ್ಮಿಂದಾಗದು. ಒಂದು ಮರಿ ಬಲವಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ಬಿಡುತ್ತದೆ, ತಾಯಿ ಗದರುತ್ತದೆ. ಈ ಶಾಲೆ ಎಂಟು ವಾರಗಳದ್ದು.

ನಮ್ಮವರಲ್ಲಿ ನನ್ನ ತಕರಾರು ಇರುವುದು ಇಲ್ಲಿಯೇ. ತಿಂಗಳಾಗುವಷ್ಟರಲ್ಲಿ 'ಎಳೆಯದಿದ್ದಾಗಲೇ ಕೊಡಿ, ಬೇಗ ಹೊಂದಿಕೊಳ್ಳುತ್ತದೆ' ಎಂಬ ಒತ್ತಾಯ ಶುರುವಾಗುತ್ತದೆ. ರಜೆಗೆ ಊರಿಗೆ ಹೋದವರು ತಿಂಗಳ ಮುಧೋಳ ಮರಿಯನ್ನು ಬುಟ್ಟಿಯಲ್ಲಿಟ್ಟು ರಾತ್ರಿಯ ಬಸ್ಸಿನಲ್ಲಿ ತರುವುದೂ ಉಂಟು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಆ ಬಾಗಲಕೋಟೆಯ ತಳಿಯ ಬಗ್ಗೆ ನಮಗೆ ಅಭಿಮಾನವಿರುವುದು ನ್ಯಾಯವೇ. ಆದರೆ ಬಯಲಿನಲ್ಲಿ ಓಡಲು ಹುಟ್ಟಿದ ಬೇಟೆನಾಯಿಗೆ ಎರಡು ಕೋಣೆಯ ಮನೆ ತಕ್ಕುದೇ ಎಂದೂ ಯೋಚಿಸಬೇಕು. ಯಾವ ತಳಿಯೇ ಆಗಲಿ, ಎಂಟು ವಾರ ತುಂಬದ ಮರಿಯನ್ನು ಮಾರುವುದನ್ನು ಕೇಂದ್ರ ಸರ್ಕಾರದ 2017ರ ಶ್ವಾನ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ನಿಷೇಧಿಸಿವೆ. ದಾನವಾಗಿ ಕೊಡುವವರೂ ಇದನ್ನೇ ಪಾಲಿಸುವುದು ಒಳಿತು.

ಆರರಿಂದ ಎಂಟು ವಾರಗಳ ನಡುವೆ ಮೊದಲ ಲಸಿಕೆ. ತಾಯಿಯಿಂದ ಬಂದ ರಕ್ಷಣೆ ಲಸಿಕೆಗೆ ಅಡ್ಡಬರುವ ಕಾರಣ ಹದಿನಾರು ವಾರಗಳವರೆಗೆ ಅದನ್ನು ಪುನಃ ಪುನಃ ಕೊಡಬೇಕಾಗುತ್ತದೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. 1978ರಲ್ಲಿ ಜಗತ್ತಿಗೆ ಗೊತ್ತಾದ ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಫಿನಾಯಿಲಿಗೆ ಬಗ್ಗದು. ಬ್ಲೀಚಿಂಗ್ ಪುಡಿಯ ನೀರು ಬೇಕು. ಲಸಿಕೆ ಮುಗಿಯುವವರೆಗೆ ಕಟ್ಟಡದ ಅಂಗಳದಲ್ಲಿ ಮರಿಯನ್ನು ಕೆಳಗಿಳಿಸದೆ ಎತ್ತಿಕೊಂಡೇ ತೋರಿಸಿ.

ಮರಿ ಕೇಳಿಕೊಂಡು ಬಂದವರಿಗೆ ಸಾಲ ಕೇಳಿ ಬಂದವರಿಗೆ ಹಾಕುವಷ್ಟೇ ಪ್ರಶ್ನೆ ಹಾಕಿ: ಹಗಲೆಲ್ಲ ಮನೆಯಲ್ಲಿ ಯಾರಿರುತ್ತಾರೆ? ವರ್ಗಾವಣೆಯಾದರೆ ನಾಯಿಯ ಗತಿಯೇನು? ಮನೆಯ ಹಿರಿಯರ ಒಪ್ಪಿಗೆಯಿದೆಯೇ? ಉತ್ತರ ತೃಪ್ತಿಕರವಾಗದಿದ್ದರೆ ಸಂಬಂಧಿಕರಾದರೂ ಕೊಡಬೇಡಿ. ಔಷಧಿ ಮತ್ತು ಲಸಿಕೆಯ ದಿನಾಂಕ, ಈಗ ತಿನ್ನುತ್ತಿರುವ ಆಹಾರ, ಕೊನೆಯ ತೂಕ ಇವನ್ನು ಬರೆದ ಚೀಟಿ, ಒಂದು ವಾರಕ್ಕಾಗುವಷ್ಟು ಅದೇ ಆಹಾರ, ತಾಯಿಯ ವಾಸನೆಯಿರುವ ಬಟ್ಟೆಯ ತುಂಡು ಜೊತೆಗೆ ಹೋಗಲಿ. ಎಲ್ಲವನ್ನೂ ಒಂದೇ ದಿನ ಕಳುಹಿಸದೆ ಒಂದೆರಡರಂತೆ ಕಳುಹಿಸಿದರೆ ತಾಯಿಯ ಹಾಲು ನಿಧಾನವಾಗಿ ಬತ್ತಿ ಕೆಚ್ಚಲು ಕಟ್ಟಿಕೊಳ್ಳುವುದಿಲ್ಲ. ಹಾಲು ಪೂರ್ತಿ ನಿಂತ ಕೆಲವು ವಾರಗಳ ಬಳಿಕ ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬಹುದು. ನಮ್ಮ ನಾಯಿಗೆ ಮೂರನೆಯ ಸೂಲಿನ ನಂತರ ಮಾಡಿಸಿದೆವು.