ಮೇವಿನ ಬೂಷ್ಟು ವಿಷ: ಬ್ಯಾಕ್ಟೀರಿಯಾ ಎಷ್ಟು ಮುರಿದೀತು?

ರಾಶಿಯ ಹೊತ್ತಿಗೆ ಮಳೆ ಹಿಡಿದುಕೊಂಡರೆ ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್ ಕಡೆ ಮುಂಗಾರಿ ಜೋಳದ ತೆನೆ ಕಪ್ಪಾಗುತ್ತದೆ, ಮೆಕ್ಕೆಜೋಳಕ್ಕೆ ಬೂಷ್ಟು ಬರುತ್ತದೆ. ಪೇಟೆಯಲ್ಲಿ ಬೆಲೆ ಸಿಗದ ಆ ಕಾಳು ಕೊನೆಗೆ ದನದ ಗೋದಲಿ ಸೇರುತ್ತದೆ. ದೇವಣಿ ಹಸುವಿರಲಿ, ಮಿಶ್ರತಳಿಯಿರಲಿ, ಎಮ್ಮೆಯಿರಲಿ, ನಷ್ಟ ಶುರುವಾಗುವುದು ಇಲ್ಲಿಂದಲೇ.

ಬೂಷ್ಟು ಹೋದರೂ ವಿಷ ಉಳಿಯುತ್ತದೆ

ಗೋಡೆಗೆ ತಾಗಿಸಿಟ್ಟ ಹಿಂಡಿ ಚೀಲದ ತಳದಲ್ಲಿ ಗಟ್ಟಿಯಾದ ಉಂಡೆ ಸಿಗುತ್ತದೆ. ಒಡೆದರೆ ಹಳದಿ ಮಿಶ್ರಿತ ಹಸಿರು ಪುಡಿ ಹಾರುತ್ತದೆ. ಇದು ಹೆಚ್ಚಾಗಿ ಆಸ್ಪರ್ಜಿಲಸ್ ಶಿಲೀಂಧ್ರ. ಅದು ಬಿಡುವ ಅಫ್ಲಾಟಾಕ್ಸಿನ್ ವಿಷ ಬಿಸಿಲಿಗೆ ಹಾಕಿದರೂ, ಕುದಿಸಿದರೂ ಪೂರ್ತಿ ಹೋಗದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಇಂಥ ಶೇಂಗಾ ಹಿಂಡಿಯಿಂದ. 1974ರಲ್ಲಿ ಗುಜರಾತ್–ರಾಜಸ್ಥಾನ ಗಡಿಯ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು.

ದನದಲ್ಲಿ ಮೇವು ತಿನ್ನುವುದು ಇಳಿಯುತ್ತದೆ, ಹಾಲು ಕುಗ್ಗುತ್ತದೆ, ಯಕೃತ್ತು ಕೆಡುತ್ತದೆ. ತಿಂದ ಒಂದು ದಿನದೊಳಗೆ ವಿಷದ ಅಂಶ ಅಫ್ಲಾಟಾಕ್ಸಿನ್ ಎಂ-1 ರೂಪದಲ್ಲಿ ಹಾಲಿಗೆ ಇಳಿಯುತ್ತದೆ. ನಮ್ಮ ದೇಶದಲ್ಲಿ ಹಾಲಿನಲ್ಲಿ ಇದರ ಮಿತಿ ಕೆ.ಜಿ.ಗೆ 0.5 ಮೈಕ್ರೋಗ್ರಾಂ. ಕೆಟ್ಟ ಮೇವು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ಸುಧಾರಿಸುತ್ತದೆ.

ಯಾವ ಬ್ಯಾಕ್ಟೀರಿಯಾಕ್ಕೆ ಯಾವ ವಿಷ?

ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಓಕ್ರಾಟಾಕ್ಸಿನ್ ಎಂಬ ಬೂಷ್ಟು ವಿಷವನ್ನು ಬಹುಪಾಲು ತಾವೇ ಮುರಿಯುತ್ತವೆ. ಆ ಹೊಟ್ಟೆ ಇನ್ನೂ ಬೆಳೆಯದ ಎಳೆಗರುವಿಗೆ ಮತ್ತು ಕೋಳಿಗೆ ಈ ರಕ್ಷಣೆಯಿಲ್ಲ. ದನದ ಹೊಟ್ಟೆಯ ರಸದಿಂದಲೇ ಬೇರ್ಪಡಿಸಿದ ಒಂದು ಬ್ಯಾಕ್ಟೀರಿಯಾ ಫ್ಯುಸೇರಿಯಂ ಶಿಲೀಂಧ್ರ ಬಿಡುವ ಡಿಯಾಕ್ಸಿನಿವಲೆನಾಲ್ ಎಂಬ ವಿಷವನ್ನು ನಿರುಪದ್ರವಿಯಾಗಿಸುತ್ತದೆ. ಯುರೋಪಿನಲ್ಲಿ 2013ರಲ್ಲಿ ಹಂದಿ ಮೇವಿಗೆ ಅದಕ್ಕೆ ಅನುಮತಿ ಸಿಕ್ಕಿತು.

ಅಫ್ಲಾಟಾಕ್ಸಿನ್ ಮಾತ್ರ ಹಟಮಾರಿ. ಹಸುವಿನ ಹೊಟ್ಟೆ ಅದನ್ನು ಅಷ್ಟಾಗಿ ಮುರಿಯದು. ಫ್ಲೇವೋಬ್ಯಾಕ್ಟೀರಿಯಂ ಅದನ್ನು ತೆಗೆಯಬಲ್ಲದೆಂದು 1966ರಲ್ಲೇ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಬ್ಯಾಸಿಲಸ್ ಸಬ್ಟಿಲಿಸ್‌ನ ಕೆಲವು ತಳಿಗಳಿಗೂ ಆ ಶಕ್ತಿಯಿದೆ. ಆದರೆ ಎಲ್ಲ ತಳಿಗೂ ಇಲ್ಲ. ಹಾಗಾಗಿ ಮಜ್ಜಿಗೆಯಲ್ಲೂ ಬ್ಯಾಕ್ಟೀರಿಯಾ ಇದೆಯೆಂದು ಬೂಷ್ಟು ಹಿಡಿದ ಹಿಂಡಿಗೆ ಅದನ್ನು ಹಾಕಿ ಕಲಸಿದರೆ ವಿಷ ಹೋಗುತ್ತದೆಂದು ನಂಬಬೇಡಿ.

ಬೂಷ್ಟು ವಿಷಕ್ಕೆಂದು ಮೇವಿಗೆ ಬೆರೆಸುವ ಪುಡಿಯನ್ನು ಅಂಗಡಿಯಲ್ಲಿ ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ಇದು ವಿಷವನ್ನು ಮುರಿಯುತ್ತದೆಯೋ, ಬರೀ ಹಿಡಿದಿಟ್ಟು ಸಗಣಿಯಲ್ಲಿ ಹೊರಹಾಕುತ್ತದೆಯೋ? ಯಾವ ವಿಷಕ್ಕೆ? ಬೆಂಟೊನೈಟ್ ಜೇಡಿಪುಡಿ ಅಫ್ಲಾಟಾಕ್ಸಿನ್ನನ್ನು ಚೆನ್ನಾಗಿ ಹಿಡಿಯುತ್ತದೆ, ಫ್ಯುಸೇರಿಯಂ ವಿಷಗಳಿಗೆ ಅಷ್ಟು ಉಪಯೋಗವಿಲ್ಲ. ಪ್ರಮಾಣವನ್ನು ಪಶುವೈದ್ಯರೇ ಹೇಳಲಿ.

ಮೊದಲು ಮಾಡಬೇಕಾದದ್ದು

- ಕಾಳನ್ನು ಶೇ. 12ಕ್ಕಿಂತ ಕಡಿಮೆ ತೇವಕ್ಕೆ ಒಣಗಿಸಿ. ಒಣ ಗಾಜಿನ ಬಾಟಲಿಗೆ ಕಾಳು ಮತ್ತು ಒಣ ಉಪ್ಪು ಹಾಕಿ ಅಲುಗಿಸಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15 ದಾಟಿದೆ, ಇನ್ನೂ ಒಣಗಿಸಿ.
- ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಿ. ಕಣಿಕೆ ಬಣವೆಯ ತುದಿಗೆ ನೀರಿಳಿಯದಂತೆ ಹೊದಿಸಿ.
- ಹಸಿ ಮೆಕ್ಕೆಜೋಳವನ್ನು ಕಾಳು ಹಿಟ್ಟಿನ ಹದಕ್ಕೆ ಬಂದಾಗ ಕತ್ತರಿಸಿ, ಗಾಳಿಯಾಡದಂತೆ ತುಳಿದು ರಸಮೇವು ಮಾಡಿ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹುಳಿ ತಂದು ಬೂಷ್ಟನ್ನು ತಡೆಯುತ್ತವೆ. ಮೊದಲೇ ಸೇರಿದ ವಿಷವನ್ನು ಅವು ತೆಗೆಯುವುದಿಲ್ಲ.
- ಪರೀಕ್ಷೆಗೆ ಹಲವು ಚೀಲಗಳಿಂದ, ಮೇಲೆ–ನಡು–ತಳದಿಂದ ಹಿಡಿ ಹಿಡಿ ತೆಗೆದು ಬೆರೆಸಿ ಕೊಡಿ. ವಿಷ ಎಲ್ಲೆಡೆ ಒಂದೇ ಸಮ ಇರುವುದಿಲ್ಲ.
- ಬೂಷ್ಟು ಹಿಡಿದದ್ದನ್ನು ಎತ್ತಿಗಾಗಲಿ, ಕೋಳಿಗಾಗಲಿ ಹಾಕಬೇಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಎತ್ತಿ ದೂರ ಹೂತುಬಿಡಿ.

ಸಲಹೆಗೆ ಬೀದರಿನ ನಂದಿನಗರದಲ್ಲಿರುವ ಪಶುವೈದ್ಯಕೀಯ ಮಹಾವಿದ್ಯಾಲಯ, ಜನವಾಡದ ಕೃಷಿ ವಿಜ್ಞಾನ ಕೇಂದ್ರ ಅಥವಾ ಹತ್ತಿರದ ಪಶು ಆಸ್ಪತ್ರೆಯನ್ನು ಕೇಳಿ. ಬ್ಯಾಕ್ಟೀರಿಯಾ ನೆರವಿಗೆ ಬರುವುದು ಒಣಗಿಸುವ, ಜೋಪಾನ ಮಾಡುವ ಕೆಲಸ ಮುಗಿದ ಮೇಲೆ. ಆ ಕೆಲಸ ಬಿಟ್ಟು ಪುಡಿಗೆ ಹಣ ಸುರಿದರೆ ಹಣವೂ ಹೋಗುತ್ತದೆ, ಹಾಲೂ ಕೆಡುತ್ತದೆ.