ಒಂದು ಹಳೆಯ ಮಾದರಿ ವಾಹನದ ಜೀರ್ಣೋದ್ಧಾರ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಜೀರ್ಣೋದ್ಧಾರವೆಂಬ ಮಾತನ್ನು ಕೇಳಿದೊಡನೆ ನಮ್ಮ ಮನಸ್ಸಿಗೆ ಹೊಳೆಯುವುದು ದೇವಾಲಯ. ಬಿರುಕು ಬಿಟ್ಟ ಗೋಡೆಯನ್ನು ಸರಿಪಡಿಸುವುದು, ವಾಲಿದ ಕಂಬವನ್ನು ನಿಲ್ಲಿಸುವುದು ಪುಣ್ಯದ ಕೆಲಸವೆಂದು ನಮ್ಮ ಹಿರಿಯರು ನಂಬಿದ್ದರು. ಆದರೆ ಭಕ್ತಿಯಿಂದ ಬಳಿದ ಸುಣ್ಣವೇ ಗೋಡೆಯ ಮೇಲಿನ ಶಾಸನವನ್ನು ಮುಚ್ಚಿಬಿಡುವುದೂ ಉಂಟು. ಮಾಡಿದವರ ಉದ್ದೇಶ ಒಳ್ಳೆಯದೇ; ಆದರೂ ಅಕ್ಷರ ಮರೆಯಾಗುತ್ತದೆ. ಹಳೆಯದನ್ನು ಸರಿಪಡಿಸುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬಹುದು? ಚರಿತ್ರೆಯ ತರಗತಿಯಲ್ಲಿ ಕೇಳಿದ ಈ ಪ್ರಶ್ನೆಯನ್ನು ನಾನು ನಿಜವಾಗಿ ಎದುರಿಸಿದ್ದು ದೇವಾಲಯದ ಮುಂದಲ್ಲ, ಗೇಣಿಗಿಂತ ಸ್ವಲ್ಪ ಚಿಕ್ಕದಾದ ಒಂದು ಪ್ಲಾಸ್ಟಿಕ್ ಪಿಕಪ್ ವಾಹನದ ಮುಂದೆ. ವಿಷಯ ಅಲ್ಪವೆಂದು ವಾಚಕರು ಪುಟ ತಿರುವದೆ ಸ್ವಲ್ಪ ಸಹನೆಯಿಂದ ಓದಬೇಕೆಂದು ಪ್ರಾರ್ಥನೆ.

ಕಳೆದ ಬೇಸಿಗೆ ರಜೆಯಲ್ಲಿ ಮೈಸೂರಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಪುಸ್ತಕ ಹುಡುಕುತ್ತಿದ್ದಾಗ ಮೂಲೆ ಹರಿದ ಒಂದು ರಟ್ಟಿನ ಡಬ್ಬಿ ಕೈಗೆ ಸಿಕ್ಕಿತು. ಅದರೊಳಗೆ ೧೯೫೩ನೆಯ ಇಸವಿಯ ಫೋರ್ಡ್ ಎಫ್-೧೦೦ ಪಿಕಪ್ಪಿನ ಮಾದರಿ ಇತ್ತು. ಯಾವನೋ ಒಬ್ಬ ಬಾಲಕ ಅದನ್ನು ಅರ್ಧ ಜೋಡಿಸಿ, ದಪ್ಪನೆಯ ಕೆಂಪು ಬಣ್ಣ ಬಳಿದು, ಬೇಸರ ಬಂದು ಬಿಟ್ಟಿದ್ದಂತೆ ತೋರಿತು. ಒಂದು ಬಾಗಿಲ ಮೇಲೆ ಒಣಗಿದ ಅಂಟಿನಲ್ಲಿ ಅವನ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಮೂಡಿತ್ತು. ಪುಸ್ತಕಕ್ಕೆಂದು ಇಟ್ಟುಕೊಂಡಿದ್ದ ಹಣವನ್ನು ಕೊಟ್ಟು ಅದನ್ನು ತಂದೆನು.

ಇಂತಹ ಮಾದರಿಗಳ ಪೂರ್ವೋತ್ತರವನ್ನು ಎರಡು ಮಾತಿನಲ್ಲಿ ಹೇಳಬೇಕು. ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಜೋಡಿಸಿ ಮಾಡುವ ಮಾದರಿಗಳು ೧೯೩೬ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದವು. ಅವು ವಿಮಾನಗಳ ಮಾದರಿಗಳು. ಎರಡನೆಯ ಮಹಾಯುದ್ಧದ ತರುವಾಯ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ ಅಗ್ಗವಾಗಿ ದೊರೆಯತೊಡಗಿದ ಮೇಲೆ ಈ ಹವ್ಯಾಸ ಬಹಳ ಹರಡಿತು. ಕರಗಿಸಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ನುಗ್ಗಿಸಿದರೆ ಬಾಗಿಲು, ಚಕ್ರ, ಎಂಜಿನ್ ಮುಂತಾದ ಭಾಗಗಳು ಒಂದೇ ಚೌಕಟ್ಟಿಗೆ ಕಾಯಿಗೊಂಚಲಿನಂತೆ ಅಂಟಿಕೊಂಡು ಹೊರಬರುತ್ತವೆ. ಅಮೆರಿಕದ ಎ.ಎಂ.ಟಿ. ಸಂಸ್ಥೆ ೧೯೫೦ರ ದಶಕದ ಕೊನೆಯಿಂದ ಒಂದೇ ಡಬ್ಬಿಯಲ್ಲಿ ಮೂರು ಬಗೆಯ ಭಾಗಗಳನ್ನು ಇಟ್ಟು ಮಾರುತ್ತಿತ್ತು. ವಾಹನವನ್ನು ಕಾರ್ಖಾನೆಯಿಂದ ಬಂದಂತೆಯೇ ಜೋಡಿಸಬಹುದು, ಪಂದ್ಯದ ವಾಹನವಾಗಿ ಮಾಡಬಹುದು, ಇಲ್ಲವೇ ತನ್ನ ಇಷ್ಟದಂತೆ ಮಾರ್ಪಡಿಸಬಹುದು. ಹೀಗೆ ಉಳಿಸುವುದು, ಬದಲಿಸುವುದು ಎಂಬ ಎರಡು ದಾರಿಗಳೂ ಡಬ್ಬಿಯಲ್ಲಿಯೇ ಇದ್ದವು.

ಮೊದಲು ಮಾಡಬೇಕಾದ ಕೆಲಸ ಅಳತೆ. ನನ್ನ ಮಾದರಿಯ ಪ್ರಮಾಣ ೧/೨೫. ಎಂದರೆ ನಿಜವಾದ ವಾಹನದ ೨೫ ಅಂಗುಲ ಇಲ್ಲಿ ೧ ಅಂಗುಲ. ನಿಜವಾದ ಎಫ್-೧೦೦ರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ ೧೧೦ ಅಂಗುಲ. ಅದನ್ನು ೨೫ರಿಂದ ಭಾಗಿಸಿದರೆ ೪.೪ ಅಂಗುಲ, ಸುಮಾರು ೧೧.೨ ಸೆಂಟಿಮೀಟರು. ಅಳತೆಪಟ್ಟಿಯಿಟ್ಟು ನೋಡಿದಾಗ ಲೆಕ್ಕ ಸರಿಹೋಯಿತು. ಇಲ್ಲಿ ನೆನಪಿಡಬೇಕಾದ ಒಂದು ವಿಷಯವಿದೆ. ಉದ್ದ ೨೫ ಪಾಲು ಕುಗ್ಗಿದರೆ ವಿಸ್ತೀರ್ಣ ೬೨೫ ಪಾಲು, ಗಾತ್ರ ೧೫,೬೨೫ ಪಾಲು ಕುಗ್ಗುತ್ತದೆ. ಅದೇ ಲೆಕ್ಕದಲ್ಲಿ ೧,೦೦೦ ಕಿಲೋ ತೂಕದ ಹೇರು ಈ ಮಾದರಿಯಲ್ಲಿ ೬೪ ಗ್ರಾಮಿನಷ್ಟಾಗುತ್ತದೆ. ಆದಕಾರಣ ಮಾದರಿಯ ಮೇಲಿನ ಹೇರು ತನ್ನ ತೂಕದಿಂದ ಸ್ಪ್ರಿಂಗನ್ನು ಬಗ್ಗಿಸಲಾರದು. ಬಗ್ಗಿದಂತೆ ತೋರಿಸುವ ಕೆಲಸ ಮಾಡುವವನದು. ಇದು ಮುಂದೆ ಉಪಯೋಗಕ್ಕೆ ಬಂದಿತು.

ಎರಡನೆಯ ಕೆಲಸ ಹಳೆಯ ಬಣ್ಣವನ್ನು ತೆಗೆಯುವುದು. ಇಲ್ಲಿ ನಾನು ಮೂರ್ಖತನದಿಂದ ಒಂದು ಪಾಠ ಕಲಿತೆನು. ಬಣ್ಣ ಕರಗಿಸಲು ಥಿನ್ನರ್ ಸಾಕೆಂದು ಭಾವಿಸಿ ಬಾನೆಟ್ಟಿನ ಒಳಗಡೆ ಸ್ವಲ್ಪ ಸವರಿದೆ. ಬಣ್ಣದ ಜೊತೆಗೆ ಪ್ಲಾಸ್ಟಿಕ್ಕೂ ಮೆತ್ತಗಾಗಿ ಬೆರಳಿಗೆ ಅಂಟಿತು. ಪಾಲಿಸ್ಟೈರೀನನ್ನು ಥಿನ್ನರ್, ಅಸಿಟೋನ್ ಮುಂತಾದ ದ್ರವಗಳು ಕರಗಿಸುತ್ತವೆ. ಮಾದರಿಗೆ ಹಾಕುವ ಅಂಟು ಕೆಲಸ ಮಾಡುವುದೂ ಹೀಗೆಯೇ: ಅದು ಗೋಂದಿನಂತೆ ನಡುವೆ ನಿಂತು ಹಿಡಿಯುವುದಿಲ್ಲ, ಎರಡೂ ಅಂಚುಗಳನ್ನು ಕರಗಿಸಿ ಒಂದಾಗಿ ಬೆಸೆಯುತ್ತದೆ. ಬಾಗಿಲ ಮೇಲಿನ ಹೆಬ್ಬೆರಳಿನ ಗುರುತು ಏಕೆ ಅಷ್ಟು ಗಟ್ಟಿಯಾಗಿ ಉಳಿದಿತ್ತೆಂಬುದು ಆಗ ತಿಳಿಯಿತು. ಅದು ಮೇಲೆ ಅಂಟಿದ ಕೊಳೆಯಲ್ಲ. ಪ್ಲಾಸ್ಟಿಕ್ಕೇ ಕರಗಿ ಆ ಬೆರಳಿನ ಅಚ್ಚನ್ನು ಹಿಡಿದು ಗಟ್ಟಿಯಾಗಿತ್ತು.

ಆಮೇಲೆ ಮೋಟಾರು ರಿಪೇರಿ ಮಾಡುವ ಸ್ನೇಹಿತನೊಬ್ಬನಿಂದ ಸ್ವಲ್ಪ ಬ್ರೇಕ್ ಆಯಿಲ್ ತಂದು, ಕಾಣದ ಒಂದು ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಭಾಗಗಳನ್ನು ಅದರಲ್ಲಿ ನೆನೆಹಾಕಿದೆನು. ಎರಡು ದಿನದಲ್ಲಿ ಬಣ್ಣ ಸುಲಿಯತೊಡಗಿತು, ಪ್ಲಾಸ್ಟಿಕ್ಕಿಗೆ ಹಾನಿಯಾಗಲಿಲ್ಲ. ಈ ಎಣ್ಣೆ ಕೈಗೂ ಕಣ್ಣಿಗೂ ಒಳ್ಳೆಯದಲ್ಲವಾದ್ದರಿಂದ ರಬ್ಬರ್ ಕೈಚೀಲ ಧರಿಸಬೇಕು. ಉಳಿದುದನ್ನು ಚರಂಡಿಗೆ ಸುರಿಯಬಾರದು. ತರುವಾಯ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಾಬೂನು ನೀರಿನಲ್ಲಿ ತೊಳೆದೆನು. ಚಕ್ರಗಳಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಹಳೆಯ ಟೈರುಗಳು ತಾಗಿದ್ದ ಜಾಗದಲ್ಲೆಲ್ಲ ಪ್ಲಾಸ್ಟಿಕ್ ಕರಗಿ ಗೀರು ಬಿದ್ದಿತ್ತು. ಟೈರನ್ನು ಮೆತ್ತಗಿಡಲು ಬೆರೆಸಿದ ದ್ರವ್ಯ ವರ್ಷಗಳು ಕಳೆದಂತೆ ಹೊರಗೆ ಒಸರಿ ಪಕ್ಕದ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಬಳಸದೆ ಮೂಲೆಯಲ್ಲಿಟ್ಟ ವಸ್ತು ಹಾಗೆಯೇ ಇರುವುದಿಲ್ಲ, ಸುಮ್ಮನಿದ್ದೇ ಕೆಡುತ್ತದೆ.

ಇನ್ನು ಉಳಿದದ್ದು ಬಾಗಿಲು. ಪೇಂಟ್ ಅಂಗಡಿಯವರು ವಾಟರ್ ಪೇಪರ್ ಎನ್ನುವ ೪೦೦ನೆಯ ನಂಬರಿನ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿ, ಮತ್ತೆ ೧೦೦೦ದಿಂದ ನಯಗೊಳಿಸಿದರೆ ಆ ಗುರುತು ಹತ್ತು ನಿಮಿಷದಲ್ಲಿ ಮಾಯವಾಗುತ್ತಿತ್ತು. ನಾನು ಕಾಗದವನ್ನು ಅದ್ದಿಯೂ ಆಗಿತ್ತು. ಆ ಹೊತ್ತಿಗೆ ನಮ್ಮ ತಂದೆಯವರು ಕೆಲಸದಿಂದ ಬಂದರು.

ನಮ್ಮ ತಂದೆಯವರು ಹಮಾಲಿಗಳು. ನನಗೆ ತಿಳಿವು ಬಂದಂದಿನಿಂದ ಹುಣಸೂರು, ಪಿರಿಯಾಪಟ್ಟಣಗಳ ಕಡೆ ಲಾರಿಗೂ ಪಿಕಪ್ಪಿಗೂ ಹೇರು ತುಂಬಿಸುವುದೇ ಅವರ ಕಸುಬು. “ಓದಾಕೆ ಅಂತ ಕಳಿಸಿದ್ರೆ ಆಟದ್ ಗಾಡಿ ಮುಂದಿಟ್ಕೊಂಡು ಕೂತಿದ್ದೀಯಲ್ಲೋ ಮಗ?” ಎಂದರು. ನನಗೆ ನಾಚಿಕೆಯಾಯಿತು. ಅವರು ಬಾಗಿಲನ್ನು ಎತ್ತಿಕೊಂಡು ದೀಪಕ್ಕೆ ಹಿಡಿದು, “ಯಾವನೋ ಹೆಬ್ಬೆಟ್ ಒತ್ತವ್ನೆ ನೋಡು. ನಮ್ ಜಾತಿಯೋನೇ ಇರ್ಬೇಕು” ಎಂದು ನಕ್ಕರು.

ಅವರ ಮಾತಿನ ಅರ್ಥ ನನಗೆ ಗೊತ್ತಿತ್ತು. ತಂದೆಯವರು ಅಕ್ಷರ ಕಲಿತವರಲ್ಲ. ಸಾಲದ ಪತ್ರಕ್ಕೂ ರೇಷನ್ನಿನ ಅಂಗಡಿಯಲ್ಲಿಯೂ ಹೆಬ್ಬೆಟ್ಟನ್ನೇ ಒತ್ತಿದವರು. ನಾನು ಕಾಲೇಜಿಗೆ ಸೇರಿದ ದಿನ ಅರ್ಜಿಯಲ್ಲಿ ಪಾಲಕರ ಸಹಿಯ ಜಾಗದಲ್ಲಿಯೂ ಅವರ ಹೆಬ್ಬೆಟ್ಟೇ ಬಿದ್ದಿತು. ಅಂದು ಸಾಲಿನಲ್ಲಿ ನಿಂತಿದ್ದಷ್ಟು ಹೊತ್ತೂ ನಾನು ಅರ್ಜಿಯ ಆ ಭಾಗವನ್ನು ಒಳಗೆ ಮಡಿಸಿ ಹಿಡಿದುಕೊಂಡಿದ್ದೆನು. ಈ ಸಂಗತಿಯನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಉಪ್ಪುಕಾಗದವನ್ನು ಹಿಂಡಿ ಪಕ್ಕಕ್ಕಿಟ್ಟೆನು. ಬಣ್ಣವನ್ನು ಮೂರು ತೆಳು ಲೇಪಗಳಲ್ಲಿ ಹಚ್ಚಿದೆನು; ದಪ್ಪನಾಗಿ ಹಚ್ಚಿದ್ದರೆ ಗೆರೆಗಳು ಮುಚ್ಚಿಹೋಗುತ್ತಿದ್ದವು. ಬೆಳಕಿಗೆ ಓರೆಯಾಗಿ ಹಿಡಿದರೆ ಅವು ಈಗಲೂ ಕಾಣುತ್ತವೆ.

ಇಲ್ಲಿಂದ ಮುಂದೆ ಮಾರ್ಪಾಡಿನ ಮಾತು. ಅಮೆರಿಕದ ವಾಹನವನ್ನು ನಮ್ಮ ಸೀಮೆಯ ವಾಹನವಾಗಿ ಮಾಡಬೇಕೆಂಬ ಆಸೆ ನನ್ನದು. ನಮ್ಮ ತಾಲ್ಲೂಕುಗಳಲ್ಲಿ ಪಿಕಪ್ ಎಂದರೆ ಹೊಗೆಸೊಪ್ಪಿನ ಬೇಲು ನೆನಪಿಗೆ ಬರುತ್ತದೆ. ೧೯೭೬ರಲ್ಲಿ ಸ್ಥಾಪಿತವಾದ ತಂಬಾಕು ಮಂಡಳಿಯು ೧೯೮೪ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿಯನ್ನು ತಂದಂದಿನಿಂದ ರೈತರು ಬ್ಯಾರನ್ನಿನಲ್ಲಿ ಹದಮಾಡಿದ ಸೊಪ್ಪನ್ನು ಬೇಲು ಕಟ್ಟಿ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಮುಂತಾದ ಹರಾಜು ಕಟ್ಟೆಗಳಿಗೆ ತರುತ್ತಾರೆ. ಆ ಹೇರನ್ನೇ ನನ್ನ ಮಾದರಿಯ ಮೇಲೆ ಹೊರಿಸಬೇಕೆಂದು ನಿಶ್ಚಯಿಸಿದೆನು.

ಬಾಗಿಲಿನ ಪಾಠವನ್ನು ನೆನೆದು ಒಂದು ನಿಯಮವನ್ನೂ ಹಾಕಿಕೊಂಡೆನು. ನಾನು ಸೇರಿಸುವುದೆಲ್ಲ ಬೇಕೆಂದಾಗ ತೆಗೆಯುವಂತಿರಬೇಕು. ಹಳೆಯ ಭಾಗವೊಂದನ್ನೂ ಕತ್ತರಿಸಬಾರದು. ಹಿಂದಿನ ತೊಟ್ಟಿಯ ಸುತ್ತಲಿನ ಕಟಕಟೆಯನ್ನು ಊದುಬತ್ತಿಯ ಕಡ್ಡಿಗಳಿಂದ ಬೇರೆಯಾಗಿ ಕಟ್ಟಿ ಒಳಗೆ ಕೂರಿಸಿದೆನು. ಬೇಲುಗಳನ್ನು ಮೊದಲು ಥರ್ಮೋಕೋಲಿನಲ್ಲಿ ಮಾಡಿ ಮಾದರಿಯ ಅಂಟು ಹಚ್ಚಿದಾಗ ಅವು ಕಣ್ಣೆದುರಿಗೇ ಕರಗಿ ಗುಳಿಬಿದ್ದವು. ಅದೂ ಪಾಲಿಸ್ಟೈರೀನೇ ಎಂಬುದು ನನಗೆ ಹೊಳೆದಿರಲಿಲ್ಲ. ಕೊನೆಗೆ ಸವೆದ ಹವಾಯಿ ಚಪ್ಪಲಿಯ ಅಟ್ಟೆಯನ್ನು ಕತ್ತರಿಸಿ, ಗೋಣಿಬಣ್ಣದ ಒರಟು ಬಟ್ಟೆ ಸುತ್ತಿ, ದಾರದಿಂದ ಹೊಲಿದೆನು.

ತಂದೆಯವರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, “ಹೇರು ತುಂಬಿದ್ ಗಾಡಿ ಹಿಂಗ್ ನಿಂತ್ಕತದಾ? ಹಿಂದೆ ಕುಂತ್ಕಬೇಕು, ಮೂತಿ ಮ್ಯಾಕ್ಕೆ ಎತ್ತಬೇಕು” ಎಂದರು. ಮಾತು ಅಕ್ಷರಶಃ ನಿಜ. ನನ್ನ ವಾಹನ ಬರಿಗಾಡಿಯಂತೆ ಸಮನಾಗಿ ನಿಂತಿತ್ತು. ಹಿಂಭಾಗವನ್ನು ತಗ್ಗಿಸಬೇಕಾದರೆ ಸ್ಪ್ರಿಂಗುಗಳನ್ನು ಕೊಯ್ಯಬೇಕು. ಅದು ನನ್ನ ನಿಯಮಕ್ಕೆ ವಿರುದ್ಧ. ಎರಡು ದಿನ ಯೋಚಿಸಿದ ಮೇಲೆ ಹೊಳೆಯಿತು: ಹಿಂದೆ ತಗ್ಗಿಸುವ ಬದಲು ಮುಂದೆ ಎತ್ತಿದರೂ ಫಲ ಒಂದೇ. ಮುಂದಿನ ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ದಪ್ಪಕಾಗದದ ಸಣ್ಣ ಚೂರುಗಳನ್ನಿಟ್ಟು ಮೇಣದಿಂದ ಹಿಡಿಸಿದೆನು. ವಾಹನ ಹೇರು ಹೊತ್ತಂತೆ ಹಿಂದಕ್ಕೆ ಕುಳಿತುಕೊಂಡಿತು.

ಹಗ್ಗದ ವಿಷಯವನ್ನಂತೂ ಅವರೇ ಕಲಿಸಬೇಕಾಯಿತು. ನಾನು ದಾರವನ್ನು ಸುಮ್ಮನೆ ಸುತ್ತಿ ಗಂಟುಹಾಕಿದ್ದೆ. ಅವರು ಅದನ್ನು ಬಿಚ್ಚಿ, ಮುಂದಿನ ಕೊಕ್ಕೆಯಿಂದ ಹಿಂದಿನ ಕೊಕ್ಕೆಗೆ ಅಡ್ಡಡ್ಡಲಾಗಿ ಎಳೆದು, ತುದಿಯಲ್ಲಿ ಜೀರುಗುಣಿಕೆ ಹಾಕಿದರು. ಕ್ವಿಂಟಾಲುಗಟ್ಟಲೆ ಹೇರನ್ನು ಬಿಗಿಯುವ ಆ ಒರಟು ಬೆರಳುಗಳಿಗೆ ಹೊಲಿಗೆ ದಾರ ಮೊದಮೊದಲು ಸಿಕ್ಕಲೇ ಇಲ್ಲ. “ದಾರೀಲಿ ಬಿಚ್ಕಬಾರ್ದು, ಇಳಿಸೋವಾಗ ಒಂದ್ ಎಳೆತಕ್ಕೆ ಬಿಚ್ಕಬೇಕು. ಅಂಗಿದ್ರೇನೆ ಗಂಟು” ಎಂದರು. ನಾನು ರಜೆಯೆಲ್ಲ ಹುಡುಕಿದ ನಿಯಮವನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರಿಗೆ ಸಮಾಧಾನವಾಗಲಿಲ್ಲ: “ಸ್ಟೇರಿಂಗು ಎಡಗಡೆ ಐತಲ್ಲೋ.” ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಗಡೆ ಹೋಗುವುದರಿಂದ ಚಾಲಕ ಎಡಗಡೆ ಕೂರುತ್ತಾನೆಂದು ವಿವರಿಸಿದೆನು. ಅದನ್ನು ಬಲಕ್ಕೆ ತರಬೇಕಾದರೆ ಮುಂದಿನ ಫಲಕವನ್ನೇ ಕತ್ತರಿಸಬೇಕಿತ್ತು. ಹಾಗೆಯೇ ಬಿಟ್ಟೆನು. ಅದು ಎಲ್ಲಿಂದ ಬಂದಿತೆಂಬುದನ್ನೂ ಅದು ಹೇಳುತ್ತಿರಲಿ. ಹೇರನ್ನು ಬದಲಿಸುವುದಂತೂ ಸುಲಭ. ಬೇಲು ಇಳಿಸಿ ಸಣ್ಣ ಬಟ್ಟೆಚೀಲಗಳನ್ನಿಟ್ಟರೆ ಅದೇ ವಾಹನ ಕೃಷ್ಣರಾಜನಗರದ ಭತ್ತದ ಗಾಡಿ. ಅರಳೆಯ ಮೂಟೆಯಿಟ್ಟರೆ ಹೆಗ್ಗಡದೇವನಕೋಟೆಯ ಹತ್ತಿಯ ಗಾಡಿ.

ಹಳೆಯ ಗೆಜೆಟಿಯರುಗಳನ್ನು ಓದಿದವರಿಗೆ ತಿಳಿದಿರಬಹುದು: ನಮ್ಮ ಹುಣಸೂರು ಒಮ್ಮೆ ವಾಹನ ನಿರ್ಮಾಣಕ್ಕೆ ಹೆಸರಾದ ಊರು. ಅಮೃತಮಹಲ್ ರಾಸುಗಳ ಕೇಂದ್ರವಾಗಿದ್ದ ಇಲ್ಲಿ ೧೮೬೪ರವರೆಗೆ ಸರ್ಕಾರದ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆಗಳ ಜೊತೆಗೆ ಗಾಡಿಗಳನ್ನೂ ಬಂಡಿಗಳನ್ನೂ ಕಟ್ಟುವ ಮರದ ಅಂಗಳವೂ ಇತ್ತು. ಗೆಜೆಟಿಯರಿನ ಆ ಕೆಲವು ಸಾಲುಗಳಲ್ಲಿ ಕಾರ್ಖಾನೆಯ ಹೆಸರಿದೆ, ಇಸವಿಯಿದೆ. ಆ ಗಾಡಿಗಳಿಗೆ ಹೇರನ್ನು ಹೇಗೆ ಕಟ್ಟುತ್ತಿದ್ದರು, ಯಾವ ಗಂಟು ಹಾಕುತ್ತಿದ್ದರು ಎಂಬುದಿಲ್ಲ. ಹೆಬ್ಬೆಟ್ಟು ಒತ್ತುವವರ ವಿದ್ಯೆಯನ್ನು ಅಕ್ಷರ ಬಲ್ಲವರು ಕೇಳಿ ಬರೆದುಕೊಳ್ಳದಿದ್ದರೆ ಅದು ಅವರೊಡನೆಯೇ ಹೋಗುತ್ತದೆ. ನಮ್ಮ ಮನೆಯಲ್ಲಿ ಮೊದಲು ಅಕ್ಷರ ಕಲಿತವನಾದ ನನಗೆ ಆ ಕೆಲಸ ಉಳಿದಿದೆಯೆಂದು ಈ ರಜೆಯಲ್ಲಿ ತಿಳಿಯಿತು.

ಮಾದರಿ ಈಗ ನಮ್ಮ ಮನೆಯ ಗೂಡಿನಲ್ಲಿದೆ. ನೆಂಟರು ಬಂದಾಗ ತಂದೆಯವರು ಅದನ್ನು ಇಳಿಸಿ, ಜೀರುಗುಣಿಕೆಯನ್ನು ಎಳೆದು ಬಿಚ್ಚಿ, ಮತ್ತೆ ಕಟ್ಟಿ ತೋರಿಸುತ್ತಾರೆ. ಈ ಸಲ ಪರೀಕ್ಷೆಯ ಅರ್ಜಿಯನ್ನು ತುಂಬುವಾಗ ನಾನು ಅದರ ಯಾವ ಭಾಗವನ್ನೂ ಮಡಿಸಲಿಲ್ಲ. ಹವ್ಯಾಸದಲ್ಲಿ ಆಸಕ್ತಿಯುಳ್ಳ ಸಹಪಾಠಿಗಳಿಗೆ ಈ ಬರಹದಿಂದ ಕಿಂಚಿತ್ತಾದರೂ ಉಪಯೋಗವಾದರೆ ನನ್ನ ಶ್ರಮ ಸಾರ್ಥಕವೆಂದು ಭಾವಿಸಿ ಇಲ್ಲಿಗೆ ವಿರಮಿಸುತ್ತೇನೆ.