ಆರೋಗ್ಯ ಪ್ರಶ್ನೋತ್ತರ: ಕೈ ನಡುಗುತ್ತದೆ, ಕೌದಿ ಹೊಲಿಯಬಹುದೇ?

ಪ್ರಶ್ನೆ: ನನಗೆ 58. ಮನೆಮಂದಿಗೆಲ್ಲ ಕೌದಿ ಹೊಲಿಯುವವಳು ನಾನೇ. ಈಗೀಗ ಸೂಜಿ ಹಿಡಿದರೆ ಎರಡೂ ಕೈ ನಡುಗುತ್ತವೆ, ಚಹಾದ ಕಪ್ಪು ಎತ್ತಿದರೂ ಅಷ್ಟೆ. ನಮ್ಮವ್ವನಿಗೂ ಹೀಗೇ ಇತ್ತು. ನರದೌರ್ಬಲ್ಯವೆಂದು ತಾಕತ್ತಿನ ಇಂಜೆಕ್ಷನ್ ಹಾಕಿಸಿಕೊಂಡೆ. ಗುಣ ಕಾಣಲಿಲ್ಲ. ಹೊಲಿಗೆ ಬಿಡಬೇಕೇ?
– ಓದುಗರು, ಧಾರವಾಡ ಜಿಲ್ಲೆ

ಉತ್ತರ: ಹೊಲಿಗೆ ಬಿಡಬೇಡಿ, ಇಂಜೆಕ್ಷನ್ ಬಿಡಿ. 'ನರದೌರ್ಬಲ್ಯ' ಎಂಬ ಹೆಸರಿನ ಕಾಯಿಲೆಯನ್ನು ನಾವು ಓದಿಲ್ಲ. ಬಿ12 ಕೊರತೆ ಇದ್ದರೆ ರಕ್ತಪರೀಕ್ಷೆ ಹೇಳುತ್ತದೆ, ಆಗ ಕೊಡೋಣ. ಸಿರಿಂಜಿನಲ್ಲಿ ಕೆಂಪು ಔಷಧಿ ಕಂಡರೆ ಸಾಕು, ಕೈಗೆ ಬಲ ಬಂತೆಂದು ನಂಬುವವರು 'ಥೈರಾಯ್ಡ್ ನೋಡಿಸಿ' ಎಂದರೆ ಮಾತ್ರ ಖರ್ಚಿನ ಮಾತೆತ್ತುತ್ತಾರೆ!

ನಿಮ್ಮದು ಎಸೆನ್ಷಿಯಲ್ ಟ್ರೆಮರ್ ಎಂಬ ನಡುಕ ಇದ್ದಂತಿದೆ. ಪ್ರಾಣಕ್ಕೇನೂ ಭಯವಿಲ್ಲ. ಆದರೂ ಥೈರಾಯ್ಡಿನ ಟಿಎಸ್‌ಎಚ್, ಸಕ್ಕರೆ ಪರೀಕ್ಷೆ ಆಗಲೇಬೇಕು. ಉಬ್ಬಸದ ಸಾಲ್ಬುಟಮಾಲ್, ಫಿಟ್ಸಿನ ವಾಲ್ಪ್ರೊಯೇಟ್ ಕೂಡ ಕೈ ನಡುಗಿಸುತ್ತವೆ. ನುಂಗುವ ಮಾತ್ರೆಗಳನ್ನೆಲ್ಲ ವೈದ್ಯರ ಮುಂದಿಡಿ. ನಡುಕ ತಗ್ಗಿಸುವ ಪ್ರೊಪ್ರನಲಾಲ್ ಮಾತ್ರೆ ಅನೇಕರಿಗೆ ಹಿಡಿಸುತ್ತದೆ, ಉಬ್ಬಸದವರಿಗೆ ಆಗದು. ನೆರೆಮನೆಯವರ ಚೀಟಿ ನೋಡಿ ತರಿಸಿಕೊಳ್ಳಬೇಡಿ.

ಇನ್ನು ಕೌದಿ. ಎಳೆ ಎಣಿಸಿ ಹಾಕುವ ಕಸೂತಿಯಾಗಿದ್ದರೆ ಕಷ್ಟವಿತ್ತು. ಕೌದಿಗೆ ದಾರ ದಪ್ಪ, ಹೊಲಿಗೆ ಉದ್ದ, ತುಸು ಸೊಟ್ಟಗಾದರೂ ಅಂದ ಕೆಡದು. ಹಳಿಯಾಳ, ಯಲ್ಲಾಪುರದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಅಂಚಿನಿಂದ ಸುತ್ತುತ್ತ ನಡುವಿಗೆ ಹೊಲಿದು ತರುವ ಕೌದಿ ನೋಡಿ, ಅಲ್ಲಿ ಸ್ಕೇಲಿಗೆ ಕೆಲಸವೇ ಇಲ್ಲ. ತೊಡೆಯ ಮೇಲೆ ಮಾತ್ರ ಬೇಡ. ಮೇಜಿನ ಮೇಲೆ ಹಾಸಿ, ಮೊಣಕೈಯಿಂದ ಮಣಿಕಟ್ಟಿನವರೆಗೆ ಊರಿ ಕೂರಿ. ಕೈಗೆ ಆಸರೆ ಇಲ್ಲದಿದ್ದರೆ ನಡುಕ ಹೆಚ್ಚು. ಪದರ ಜರುಗದಂತೆ ಮೊದಲೇ ಸೇಫ್ಟಿ ಪಿನ್ ಹಾಕಿಕೊಳ್ಳಿ. ದೊಡ್ಡ ಕಣ್ಣಿನ ಸೂಜಿ ತರಿಸಿ. ಪೋಣಿಸುವ ಕೆಲಸ ಮೊಮ್ಮಕ್ಕಳದು: ಶಾಲೆಗೆ ಹೋಗುವ ಮುನ್ನ ಐದಾರು ಸೂಜಿಗೆ ದಾರ ಹಾಕಿಟ್ಟು ಹೋಗಲಿ. ಚಹಾ ಕುಡಿದೊಡನೆ ಹೊಲಿಯಲು ಕೂರಬೇಡಿ.

ಪ್ರಶ್ನೆ: ಯಜಮಾನರಿಗೆ 64, ಟೇಲರ್ ಆಗಿದ್ದವರು, ಈಗ ಉಳಿದ ತುಂಡುಬಟ್ಟೆಗಳಲ್ಲಿ ಕೌದಿ ಹೊಲಿಯುತ್ತಾರೆ. ಟಿವಿ ನೋಡುವಾಗ ಬಲಗೈ ನಡುಗುತ್ತದೆ, ಕತ್ತರಿ ಹಿಡಿದರೆ ನಿಲ್ಲುತ್ತದೆ. ಸಹಿ ಸಣ್ಣದಾಗಿದೆ. ವಯಸ್ಸಿನದೇ ಅಲ್ಲವೇ?
– ಓದುಗರು, ಗದಗ

ಉತ್ತರ: ಅಲ್ಲ. ಪಾರ್ಕಿನ್ಸನ್ ಇರಬಹುದು, ಈ ವಾರವೇ ನರರೋಗ ತಜ್ಞರಿಗೆ ತೋರಿಸಿ. ಸ್ಕ್ಯಾನ್ ನಾರ್ಮಲ್ ಎಂದು ಸುಮ್ಮನಾಗಬೇಡಿ. ಈ ಕಾಯಿಲೆ ಪತ್ತೆಯಾಗುವುದು ಹೆಚ್ಚಾಗಿ ವೈದ್ಯರು ನಡಿಗೆ, ಕೈ ನೋಡಿದಾಗ. ಮಾತ್ರೆ ಶುರುವಾದರೆ ಅದು ಚೆನ್ನಾಗಿ ಹಿಡಿದಿರುವ ಹೊತ್ತಿನಲ್ಲಿ ಹೊಲಿಯಲಿ. ತಲೆಸುತ್ತಿಗೆಂದು ತಿಂಗಳುಗಟ್ಟಲೆ ಸಿನ್ನರಿಜಿನ್ ನುಂಗಿದ್ದರೆ ಅದನ್ನು ಮರೆಯದೆ ಹೇಳಿ. ಅದರಿಂದಲೂ ಹೀಗಾಗುತ್ತದೆ, ಮಾತ್ರೆ ನಿಲ್ಲಿಸಿದರೆ ಎಷ್ಟೋ ಜನರಿಗೆ ನಿಧಾನಕ್ಕೆ ಇಳಿಯುತ್ತದೆ.